ನನಗೆ 24. ನಾಲ್ಕನೇ ಕ್ಲಬ್‌ನಲ್ಲಿದ್ದೇನೆ, ಮೀಡಿಯಂ ಪೇಸರ್, ಸ್ಪೀಡ್ ಗಂಟೆಗೆ 130 ಕಿ.ಮೀ. ದಾಟುತ್ತಿಲ್ಲ. ರಾಜ್ಯ ತಂಡಕ್ಕೆ ರಣಜಿ ಆಡಿದರೆ ದಿನಕ್ಕೆ 40,000 ಸಿಗುತ್ತದೆ. ಈಗ ಒಂದು ಕೆಲಸವೂ ಸಿಕ್ಕಿದೆ. ಬೇರೆ ರಾಜ್ಯಕ್ಕೆ ಆಡಲು ಹೋಗಲಾ, ಇಲ್ಲ ಕ್ರಿಕೆಟ್ ಬಿಟ್ಟು ಕೆಲಸ ಸೇರಲಾ?

ನಾಲ್ಕೇ ಕ್ಲಬ್ಬಾ? ನಾನು ಹನ್ನೊಂದು ವರ್ಷದಲ್ಲಿ ಏಳು ಕ್ಲಬ್ ಸುತ್ತಿದವನು. ಚೆನ್ನೈ ಲೀಗಿನಲ್ಲಿ ಆಡಿದ ಒಂದು ಸೀಸನ್ ಸೇರಿಸಿದರೆ ಎಂಟು. ಅಟ್ಟದ ಮೇಲೆ ಒಂದು ಟ್ರಂಕಿನಲ್ಲಿ ಎಂಟು ಬಣ್ಣದ ಕ್ಯಾಪ್‌ಗಳಿವೆ. ಅಮ್ಮ ಅದರಲ್ಲಿ ಒಂದನ್ನು ತೆಗೆದುಕೊಂಡು ಮಾಳಿಗೆ ಮೇಲೆ ಮೆಣಸಿನಕಾಯಿ ಒಣಗಿಸುವಾಗ ಹಾಕಿಕೊಳ್ಳುತ್ತಾರೆ. ರಣಜಿ ಕ್ಯಾಪ್ ಮಾತ್ರ ಆ ಟ್ರಂಕಿನಲ್ಲಿಲ್ಲ.

ಊರು ಅರಸೀಕೆರೆ. ಟೆನಿಸ್ ಬಾಲ್ ಟೂರ್ನಮೆಂಟ್ ಆಡಿಕೊಂಡಿದ್ದವನನ್ನು ಯಾರೋ ನೋಡಿ ಬೆಂಗಳೂರಿಗೆ ಕರೆದರು. ಶ್ರೀರಾಂಪುರದಲ್ಲಿ ಮೂರು ಜನ ಸೇರಿ ಒಂದು ರೂಮು. ಲೀಗಿನ ಕೆಳಗಿನ ಡಿವಿಷನ್ ಅಂದರೆ ಮ್ಯಾಟಿಂಗ್ (ಮ್ಯಾಟ್ ಹಾಸಿದ ಪಿಚ್) ಅಲ್ವಾ, ಸ್ಪೈಕ್ಸ್ (ಮೊಳೆ ಬೂಟು) ಹಾಕುವ ಹಾಗಿಲ್ಲ, ಬೆಳಿಗ್ಗೆ ಬೇಗ ಹೋದವರೇ ಮ್ಯಾಟ್ ಎಳೆದು ಮೊಳೆ ಹೊಡೆಯಬೇಕು. ಇದೆಲ್ಲ ನಿಮಗೆ ಗೊತ್ತೇ ಇರುತ್ತೆ, ಬಿಡಿ.

ನನ್ನ ಹತ್ತಿರ ಇದ್ದದ್ದು ಒಂದೇ ಒಂದು ಆಸ್ತಿ. ಔಟ್‌ಸ್ವಿಂಗ್, ಅಂದರೆ ಗಾಳಿಯಲ್ಲೇ ಬ್ಯಾಟ್ಸ್‌ಮನ್‌ನಿಂದ ಆಚೆ ಬಾಗುವ ಚೆಂಡು. ಸ್ಪೀಡ್ ನೂರ ಇಪ್ಪತ್ತನಾಲ್ಕು, ಇಪ್ಪತ್ತೈದು ಅಷ್ಟೇ. ಆದರೆ ಸೀಮ್ (ಚೆಂಡಿನ ಹೊಲಿಗೆ) ನೆಟ್ಟಗೆ ಹೋಗುತ್ತಿತ್ತು. ತೋರುಬೆರಳು, ನಡುಬೆರಳು ಸೀಮ್‌ನ ಆಚೆ ಈಚೆ, ಸೀಮ್‌ನ ಮುಖ ಸ್ವಲ್ಪ ಸ್ಲಿಪ್ ಕಡೆಗೆ, ಮಣಿಕಟ್ಟು ಚೆಂಡಿನ ಸರಿಯಾಗಿ ಹಿಂದೆ. ಬಿಡುವಾಗ ಎರಡೂ ಬೆರಳು ಚೆಂಡನ್ನು ಹಿಂದಕ್ಕೆ ತಿರುಗಿಸಬೇಕು. ಆಗ ಸೀಮ್ ಅಲ್ಲಾಡದೆ ಹೋಗುತ್ತದೆ, ಗಾಳಿ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಹೊಸ ಚೆಂಡು ಕೊಟ್ಟರೆ ಮೊದಲ ಆರು ಓವರ್‌ನಲ್ಲಿ ಎರಡು ವಿಕೆಟ್ ಗ್ಯಾರಂಟಿ ಅಂತ ಕ್ಲಬ್ಬಿನಲ್ಲಿ ಹೇಳುತ್ತಿದ್ದರು.

ಮುಂದೆ ಕ್ಯೂ ಎಷ್ಟು ಉದ್ದ ಇತ್ತು ಅಂತಲೂ ಹೇಳಬೇಕು. ನಾನು ಆಡುತ್ತಿದ್ದ ಕಾಲಕ್ಕೆ ಕರ್ನಾಟಕದ ವೇಗದ ಬೌಲರ್‌ಗಳು ವಿನಯ್ ಕುಮಾರ್, ಮಿಥುನ್, ಅರವಿಂದ್, ಮಂಡ್ಯದ ಶರತ್. 2013-14ರಲ್ಲಿ ರಣಜಿ, ಇರಾನಿ, ವಿಜಯ್ ಹಜಾರೆ ಮೂರೂ ಕಪ್ ನಮ್ಮದೇ. ಮುಂದಿನ ವರ್ಷ ಮತ್ತೆ ಮೂರೂ. ಅಂಥ ತಂಡದ ಬಾಗಿಲು ತಟ್ಟುವವನು ನೂರ ಇಪ್ಪತ್ತೈದರ ಸ್ಪೀಡಿನಲ್ಲಿ ತಟ್ಟುತ್ತಿದ್ದ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಒಂದು ಸೆಲೆಕ್ಷನ್ ಮ್ಯಾಚ್. ಮೊದಲ ಇನಿಂಗ್ಸ್‌ನಲ್ಲಿ ನಾಲ್ಕು ವಿಕೆಟ್ ಬಿತ್ತು. ಟೀ ಟೈಮಲ್ಲಿ ಹಿರಿಯರೊಬ್ಬರು ಬಿಸ್ಕತ್ತು ಅದ್ದುತ್ತಾ ಹೇಳಿದರು: ‘ಸ್ವಿಂಗ್ ಚೆನ್ನಾಗಿದೆ ಕಣಪ್ಪಾ. ಆದ್ರೆ ನಿನಗೆ ಕೀಪರ್ ಎಲ್ಲಿ ನಿಂತಿದ್ದ ನೋಡ್ದಾ?’ ಕೀಪರ್ ಸ್ಟಂಪ್ಸ್‌ಗೆ ಅಂಟಿಕೊಂಡು ನಿಂತಿದ್ದ. ಸ್ಪಿನ್ನರ್‌ಗೆ ನಿಲ್ಲುವ ಹಾಗೆ. ಅಂದರೆ ನನಗೆ ಸ್ಪೀಡ್ ಇಲ್ಲ ಅಂತ. ಬ್ಯಾಟ್ಸ್‌ಮನ್ ಕ್ರೀಸ್ ಬಿಟ್ಟು ಮುಂದೆ ಬಂದು ಆಡದಿರಲಿ ಅಂತ ನಾನೇ ಅವನನ್ನು ಹತ್ತಿರ ಕರೆದಿದ್ದೆ! ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ತಲೆ ತಗ್ಗಿಸಿ ಟೀ ಕುಡಿದೆ.

ಆ ರಾತ್ರಿಯಿಂದ ಸ್ಪೀಡಿನ ಹುಚ್ಚು ಹಿಡಿಯಿತು. ಸ್ಪೀಡ್ ಬೇಕು ಅನ್ನಿಸಿದ್ದು ತಪ್ಪಲ್ಲ, ಇದನ್ನು ಸರಿಯಾಗಿ ಗಮನಿಸಿ. ಅದನ್ನು ಎಲ್ಲಿಂದ ತೆಗೆದೆ ಅನ್ನುವುದು ತಪ್ಪು. ಕಾಲು, ಸೊಂಟ ಗಟ್ಟಿ ಮಾಡಿಕೊಂಡು, ಓಟ ಸರಿಮಾಡಿಕೊಂಡು, ಮ್ಯಾಚ್ ಇಲ್ಲದ ತಿಂಗಳುಗಳಲ್ಲಿ, ಕೋಚ್ ಕಣ್ಣೆದುರು ಮಾಡಬೇಕಿತ್ತು. ನಾನು ಸೀಸನ್ ನಡೆಯುತ್ತಿರುವಾಗಲೇ, ಒಬ್ಬನೇ, ಕ್ರೀಸ್ ಹತ್ತಿರದ ಜಂಪ್‌ನಿಂದ ತೆಗೆದೆ. ರನ್ ಅಪ್ ಹದಿನಾಲ್ಕು ಹೆಜ್ಜೆಯಿಂದ ಹತ್ತೊಂಬತ್ತಕ್ಕೆ ಹೋಯಿತು. ಜಂಪ್ ಒಂದು ಅಡಿ ಜಾಸ್ತಿ. ಅಷ್ಟು ಎತ್ತರದಿಂದ ಬಿದ್ದಾಗ ಎಡಗಾಲು ಆಚೆ ಬೀಳತೊಡಗಿತು. ಸೊಂಟ ಪಕ್ಕಕ್ಕೇ ಇದೆ, ಭುಜ ಮಾತ್ರ ಬ್ಯಾಟ್ಸ್‌ಮನ್ ಕಡೆ ತೆರೆದುಕೊಂಡಿತು. ಇದಕ್ಕೆ ಮಿಕ್ಸೆಡ್ ಆ್ಯಕ್ಷನ್ ಅಂತಾರೆ. ಒದ್ದೆ ಬಟ್ಟೆ ಹಿಂಡುವ ಹಾಗೆ ಪ್ರತಿ ಚೆಂಡಿಗೂ ಬೆನ್ನು ತಿರುಚಿಕೊಳ್ಳುತ್ತದೆ.

ಸ್ಪೀಡ್ ಗನ್ನಿನಲ್ಲಿ 131 ತೋರಿಸಿತು. ಆ ದಿನ ರೂಮಿನ ಮೂರೂ ಜನಕ್ಕೆ ನಾನೇ ಬಿರಿಯಾನಿ ಕೊಡಿಸಿದೆ.

ಸ್ವಿಂಗ್ ಹೋಗಿತ್ತು. ಭುಜ ತೆರೆದುಕೊಂಡ ಮೇಲೆ ಮಣಿಕಟ್ಟು ಚೆಂಡಿನ ಹಿಂದೆ ಉಳಿಯಲ್ಲ, ಪಕ್ಕಕ್ಕೆ ಜಾರುತ್ತೆ. ಸೀಮ್ ಲೊಡಲೊಡ ಅಂತ ಅಲ್ಲಾಡುತ್ತಾ ಹೋಗುತ್ತಿತ್ತು. 131ರ ನೇರ ಚೆಂಡು ಒಳ್ಳೆಯ ಬ್ಯಾಟ್ಸ್‌ಮನ್‌ಗೆ ಹಬ್ಬದ ಊಟ. ಎರಡು ತಿಂಗಳಿಗೆ ಬೆನ್ನಿನ ಕೆಳಗೆ ಎಡಗಡೆ ನೋವು ಶುರುವಾಯಿತು, ಹಿಂದಕ್ಕೆ ಬಾಗಿದರೆ ಸೂಜಿ ಚುಚ್ಚಿದ ಹಾಗೆ. ಬಲಗೈ ಬೌಲರ್‌ಗಳಿಗೆ ಬರುವುದು ಹೆಚ್ಚಾಗಿ ಎಡಗಡೆಯೇ. ಮಾತ್ರೆ ನುಂಗಿ ಆರು ವಾರ ಆಡಿದೆ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ನನಗೆ ಅದೇ ಬೇಕಿತ್ತು. ಕೊನೆಗೆ ಎಂಆರ್‌ಐ ಮಾಡಿಸಿದಾಗ ಸ್ಟ್ರೆಸ್ ಫ್ರ್ಯಾಕ್ಚರ್, ಬೆನ್ನುಮೂಳೆಯಲ್ಲಿ ಸಣ್ಣ ಬಿರುಕು.

ಎಂಟು ತಿಂಗಳು ಊರಿನಲ್ಲಿ. ಮಲಗಿಕೊಂಡು ಮೊಬೈಲ್‌ನಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ. ಬೇಸ್‌ಬಾಲ್ ಕೂಡ. ಎಡ್ವಿನ್ ಜಾಕ್ಸನ್ ಅಂತ ಅಮೆರಿಕದ ಪಿಚರ್ (ನಮ್ಮ ಬೌಲರ್ ಇದ್ದ ಹಾಗೆ), ಕೊನೆಗೆ ಹದಿನಾಲ್ಕು ತಂಡಗಳ ಜರ್ಸಿ ಹಾಕಿದ ಮನುಷ್ಯ. 2010ರ ಜೂನ್‌ನಲ್ಲಿ ಅರಿಜೋನಾ ತಂಡಕ್ಕೆ 149 ಪಿಚ್ ಎಸೆದು, ಎದುರಾಳಿಗೆ ಒಂದೇ ಒಂದು ಹಿಟ್ ಕೂಡ ಕೊಡದೆ ಗೆಲ್ಲಿಸಿದ. ಜುಲೈ ಮುಗಿಯುವುದರೊಳಗೆ ಅದೇ ತಂಡ ಅವನನ್ನು ಶಿಕಾಗೋಗೆ ದಾಟಿಸಿತು! ಓದಿ ನಗು ಬಂತು, ಸಮಾಧಾನವೂ ಆಯಿತು. ಆಮೇಲೆ ಹೊಳೆಯಿತು. ಅವನನ್ನು ಹದಿನಾಲ್ಕು ತಂಡಗಳು ಬೇಕು ಅಂತ ಕರೆದವು. ನಾನು ಏಳು ಕಡೆ ಕೇಳಿಕೊಂಡು ಹೋದವನು.

ನಿಮ್ಮ ‘ಬೇರೆ ರಾಜ್ಯ’ದ ಯೋಚನೆಯಲ್ಲಿ ನನಗೆ ಕಾಣುವ ತೊಡಕು ಇದೇ. 2018ರಲ್ಲಿ ರಣಜಿಗೆ ಒಂಬತ್ತು ಹೊಸ ತಂಡ ಸೇರಿ ಒಟ್ಟು 37 ಆದಾಗ ನಾನೂ ಬ್ಯಾಗ್ ಹೊತ್ತು ಈಶಾನ್ಯದ ಒಂದು ರಾಜ್ಯಕ್ಕೆ ಹೋದೆ. ಬೆನ್ನು ವಾಸಿಯಾಗಿತ್ತು, ಸ್ಪೀಡ್ 118ಕ್ಕೆ ಇಳಿದಿತ್ತು. ಒಂದು ತಂಡಕ್ಕೆ ಹೊರಗಿನವರು ಮೂರೇ ಜನ. ಆ ಮೂರು ಜಾಗಕ್ಕೆ ಅವರು ಹುಡುಕುವುದು ಆಗಲೇ ರಣಜಿ ಆಡಿ ಹೆಸರು ಮಾಡಿದವರನ್ನು. ಗಣೇಶ್ ಸತೀಶ್ ವಿದರ್ಭಕ್ಕೆ ಹೋಗಿ ಎರಡು ಸಲ ರಣಜಿ ಗೆದ್ದರು ನಿಜ, ಆದರೆ ಕರ್ನಾಟಕಕ್ಕೆ ರನ್ ಹೊಡೆದೇ ಹೋದದ್ದು. ವಿನಯ್ ಕುಮಾರ್ 2019ರಲ್ಲಿ ಪುದುಚೇರಿಗೆ ಹೋದಾಗ ಅವರ ಹೆಸರಲ್ಲಿ ನಾನೂರಕ್ಕೂ ಜಾಸ್ತಿ ರಣಜಿ ವಿಕೆಟ್ ಇತ್ತು. ನನ್ನ ಕೈಯಲ್ಲಿ ಇದ್ದದ್ದು ಲೀಗ್ ಸ್ಕೋರ್‌ಶೀಟ್‌ಗಳ ಜೆರಾಕ್ಸ್. ಮೂರನೇ ದಿನ ವಾಪಸ್ ರೈಲು ಹತ್ತಿದೆ.

ದುಡ್ಡಿನ ಲೆಕ್ಕ ಹಾಕಿದ್ದೀರಿ, ದಿನಕ್ಕೆ 40,000 ಅಂತ. 2021ರಲ್ಲಿ ನಿಗದಿಯಾದ ದರ ಅದು, ನಾಲ್ಕು ದಿನದ ಮ್ಯಾಚಿಗೆ 1.6 ಲಕ್ಷ. ಆಡುವ ಹನ್ನೊಂದರಲ್ಲಿ ಇದ್ದರೆ ಮಾತ್ರ. ಹೊರಗೆ ಕೂತರೆ ಅರ್ಧ. ತಂಡದಲ್ಲೇ ಇಲ್ಲದಿದ್ದರೆ ರೂಮ್ ಬಾಡಿಗೆಯೂ ಕೈಯಿಂದಲೇ.

ಹಾಗಾಗಿ ಹೋಗಲಾ, ಬಿಡಲಾ ಅನ್ನುವುದು ನನ್ನ ಪ್ರಕಾರ ಪ್ರಶ್ನೆನೇ ಅಲ್ಲ. ಕೆಲಸ ಸಿಕ್ಕಿದೆ ಅಂತಿದ್ದೀರಿ, ಸೇರಿ. ಕೆಲಸ ಮಾಡಿಕೊಂಡೇ ಲೀಗ್ ಆಡುವವರು ಬೆಂಗಳೂರಿನಲ್ಲಿ ಎಷ್ಟು ಜನ ಬೇಕು! ನಾನು ಹಾಗೆ ಮಾಡಲಿಲ್ಲ, ಇಪ್ಪತ್ತೊಂಬತ್ತಕ್ಕೆ ಒಂದು ಸಹಕಾರಿ ಬ್ಯಾಂಕಿನಲ್ಲಿ ಕ್ಲರ್ಕ್ ಆಗಿ, ನನಗಿಂತ ಆರು ವರ್ಷ ಚಿಕ್ಕವರ ಪಕ್ಕ ಕೂತೆ. ಕ್ಲಬ್ ಬದಲಾಯಿಸುವುದಾದರೆ ಡಿವಿಷನ್ ನೋಡಬೇಡಿ, ಹೊಸ ಚೆಂಡು ಯಾರು ಕೊಡುತ್ತಾರೆ ನೋಡಿ. ಮೇಲಿನ ಡಿವಿಷನ್‌ನಲ್ಲಿ ನಲವತ್ತನೇ ಓವರ್‌ಗೆ ಹಳೇ ಚೆಂಡು ಹಿಡಿದರೆ ಯಾವ ಸೆಲೆಕ್ಟರ್‌ಗೆ ಏನು ಕಾಣುತ್ತೆ?

ಇನ್ನು ಆ 130. ನಿಮ್ಮ ಚೆಂಡು ಸ್ವಿಂಗ್ ಆಗುತ್ತಾ ಇಲ್ಲವಾ ಅಂತ ಪ್ರಶ್ನೆಯಲ್ಲಿ ಎಲ್ಲೂ ಬರೆದಿಲ್ಲ. ಸ್ಪೀಡ್ ಮಾತ್ರ ಬರೆದಿದ್ದೀರಿ. ಅದನ್ನು ನೋಡಿಯೇ ನಾನು ಇಷ್ಟುದ್ದ ಬರೆಯಲು ಕೂತದ್ದು. ಒಂದು ವಿಡಿಯೋ ಹಾಕಿ. ಪಕ್ಕದಿಂದ ಬೇಡ, ಏನೂ ಗೊತ್ತಾಗಲ್ಲ. ಅಂಪೈರ್ ನಿಲ್ಲುವ ಜಾಗದ ಹಿಂದಿನಿಂದ, ಸ್ಲೋ ಮೋಷನ್‌ನಲ್ಲಿ, ಮಣಿಕಟ್ಟು ಮತ್ತು ಎಡಗಾಲು ಎರಡೂ ಕಾಣುವ ಹಾಗೆ. ಬೆನ್ನು ನೋಯುತ್ತಾ ಇದ್ದರೆ ವಿಡಿಯೋಗೋಸ್ಕರ ಕೂಡ ಬೌಲ್ ಮಾಡಬೇಡಿ.