ಹಾಲುಣಿಸುವಾಗ ಗರ್ಭ ನಿಲ್ಲುವುದಿಲ್ಲವೇ?

ಪ್ರಶ್ನೆ: ನನಗೆ 24 ವರ್ಷ, ಚೊಚ್ಚಲ ಬಸುರಿ, ಈಗ ಎಂಟು ತಿಂಗಳು. ಹೆರಿಗೆಯಾದ ಕೂಡಲೇ ವಂಕಿ (ಗರ್ಭ ನಿಲ್ಲದಂತೆ ಗರ್ಭಕೋಶದೊಳಗೆ ಇಡುವ ಕಾಪರ್-ಟಿ) ಹಾಕಿಸಿಕೊಳ್ಳಬಹುದೆಂದು ಆಶಾ ಕಾರ್ಯಕರ್ತೆ ತಿಳಿಸಿದ್ದಾರೆ. ಮಗು ಹಾಲು ಕುಡಿಯುವಷ್ಟು ದಿನ ಗರ್ಭ ನಿಲ್ಲುವುದಿಲ್ಲ, ವಂಕಿಯಿಂದ ಎದೆಹಾಲು ಬತ್ತುತ್ತದೆ ಎಂಬುದು ಅತ್ತೆಯವರ ಮಾತು. ಎರಡನೇ ಮಗುವಿಗೆ ಮೂರು ವರ್ಷವಾದರೂ ಅಂತರವಿರಲಿ ಎಂಬುದು ನನ್ನ ಮತ್ತು ನನ್ನ ಯಜಮಾನರ ಆಸೆ. ಏನು ಮಾಡಲಿ?
– ಓದುಗರೊಬ್ಬರು, ತುಮಕೂರು ಜಿಲ್ಲೆ

ಉತ್ತರ (ಸ್ತ್ರೀರೋಗ ಮತ್ತು ಪ್ರಸೂತಿ ತಜ್ಞರಿಂದ): ಹೆರಿಗೆಗೆ ಮುಂಚೆಯೇ ನೀವು ಇದನ್ನು ಕೇಳಿದ್ದು ನನಗೆ ನಿಜಕ್ಕೂ ಸಮಾಧಾನ ತಂದಿದೆ. ಮಗು ಅಂಬೆಗಾಲಿಡುವ ಮೊದಲೇ ಮತ್ತೆ ಗರ್ಭ ನಿಂತು, ಕಣ್ಣೀರಿಟ್ಟು ಬರುವ ತಾಯಂದಿರನ್ನು ನಾನು ನೋಡಿದ್ದೇನೆ.

ಅತ್ತೆಯವರ ಮಾತು ಪೂರ್ತಿ ತಪ್ಪಲ್ಲ. ಹಗಲೂ ರಾತ್ರಿಯೂ ಮಗುವಿಗೆ ಎದೆಹಾಲನ್ನಷ್ಟೇ ಕೊಡುತ್ತಿದ್ದು, ಮುಟ್ಟು ಇನ್ನೂ ಮರಳದೆ, ಮಗುವಿಗೆ ಆರು ತಿಂಗಳು ತುಂಬದೆ ಇದ್ದರೆ, 100ರಲ್ಲಿ ಸುಮಾರು 98 ತಾಯಂದಿರಿಗೆ ಗರ್ಭ ನಿಲ್ಲುವುದಿಲ್ಲ. ಆದರೆ ಈ ಮೂರೂ ಒಟ್ಟಿಗೆ ಇರಬೇಕು. ಹಸುವಿನ ಹಾಲೋ ರಾಗಿ ಸರಿಯೋ ಶುರುವಾದರೆ ಆ ಭರವಸೆ ಉಳಿಯುವುದಿಲ್ಲ. ಮುಟ್ಟು ಬಂದ ಮೇಲೆ ನೋಡಿಕೊಳ್ಳೋಣ ಎಂದು ಕಾಯುವುದೂ ಸರಿಯಲ್ಲ, ಏಕೆಂದರೆ ಅಂಡಾಣು ಬಿಡುಗಡೆಯಾಗುವುದು ಮುಟ್ಟಿಗೆ ಸುಮಾರು ಎರಡು ವಾರ ಮೊದಲು. ಹೀಗಾಗಿ ಒಮ್ಮೆಯೂ ಮುಟ್ಟು ಕಾಣದೆ ಗರ್ಭ ನಿಲ್ಲಬಹುದು.

ವಂಕಿಯಲ್ಲಿರುವುದು ತಾಮ್ರ, ಹಾರ್ಮೋನು ಅದರಲ್ಲಿಲ್ಲ, ಆದ್ದರಿಂದ ಎದೆಹಾಲು ಬತ್ತುವುದಿಲ್ಲ. ಮಾಸು ಬಿದ್ದ ಹತ್ತು ನಿಮಿಷದೊಳಗೆ, ಸಿಸೇರಿಯನ್ ಆದರೆ ಆ ಶಸ್ತ್ರಚಿಕಿತ್ಸೆಯಲ್ಲಿಯೇ, ತಪ್ಪಿದರೆ 48 ಗಂಟೆಯೊಳಗೆ ಅದನ್ನು ಹಾಕಬಹುದು. ಆ ಅವಧಿ ಮೀರಿದರೆ ಆರು ವಾರ ಕಾಯಬೇಕು. ಕಾಪರ್-ಟಿ 380ಎ ಎಂಬ ವಂಕಿ ಹತ್ತು ವರ್ಷ ಕೆಲಸ ಮಾಡುತ್ತದೆಯಾದರೂ ನೀವು ಬಯಸಿದಾಗ ತೆಗೆಸಬಹುದು, ತೆಗೆಸಿದ ಕೂಡಲೇ ಗರ್ಭಧಾರಣೆಯ ಶಕ್ತಿ ಮರಳುತ್ತದೆ. ಮುಚ್ಚಿಡಬಾರದ ಎರಡು ಸಂಗತಿಗಳಿವೆ: ಹೆರಿಗೆಯಾದ ತಕ್ಷಣ ಹಾಕಿದ ವಂಕಿ ಕೆಲವರಲ್ಲಿ ತಾನಾಗಿ ಜಾರಿ ಹೊರಬರುತ್ತದೆ, ಮೊದಲ ಕೆಲವು ಮುಟ್ಟುಗಳಲ್ಲಿ ಸ್ರಾವವೂ ನೋವೂ ಹೆಚ್ಚಬಹುದು. ಗರ್ಭಕೋಶಕ್ಕೆ ಸೋಂಕು ತಗುಲಿದ್ದರೆ ಅಥವಾ ಹೆರಿಗೆಯಲ್ಲಿ ಅತಿಯಾದ ರಕ್ತಸ್ರಾವವಾದರೆ ವೈದ್ಯರೇ ಬೇಡವೆನ್ನುತ್ತಾರೆ.

ವಂಕಿ ಒಗ್ಗದಿದ್ದರೆ, ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ ಹಾರ್ಮೋನುರಹಿತ ‘ಛಾಯಾ’ ಮಾತ್ರೆಯನ್ನು ಹಾಲುಣಿಸುವವರೂ ಸೇವಿಸಬಹುದು: ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೊಂದು. ಮೂರು ತಿಂಗಳಿಗೊಮ್ಮೆ ಕೊಡುವ ‘ಅಂತರ’ ಚುಚ್ಚುಮದ್ದನ್ನು ಹೆರಿಗೆಯಾದ ಆರು ವಾರಗಳ ನಂತರ ಪಡೆಯಬಹುದು. ನಿರೋಧ್ ಅಂತೂ ಯಾವಾಗಲೂ ಇದೆ. ದಿನವೂ ನುಂಗುವ ‘ಮಾಲಾ-ಎನ್’ನಂತಹ ಮಾತ್ರೆಗಳು ಮಾತ್ರ ಹಾಲುಣಿಸುವವರಿಗೆ ಮೊದಲ ಆರು ತಿಂಗಳು ಬೇಡ.

ಅತ್ತೆಯವರ ಮೇಲೆ ಬೇಸರಿಸಬೇಡಿ. ನಮ್ಮ ರಾಜ್ಯದಲ್ಲಿ ಕುಟುಂಬ ಯೋಜನೆಯೆಂದರೆ ಬಹುಮಟ್ಟಿಗೆ ಎರಡು ಮಕ್ಕಳಾದ ಮೇಲೆ ಹೆಂಗಸರಿಗೆ ಆಪರೇಷನ್ ಎಂದೇ ಆಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿಯೂ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರೇ. ಮಕ್ಕಳ ನಡುವಿನ ಅಂತರದ ಬಗ್ಗೆ ಆ ತಲೆಮಾರಿಗೆ ತಿಳಿಸಿ ಹೇಳಿದವರು ಕಡಿಮೆ.

ಮುಂದಿನ ತಪಾಸಣೆಗೆ ಯಜಮಾನರನ್ನೂ ಕರೆದೊಯ್ಯಿರಿ. ಹೆರಿಗೆ ನೋವಿನ ನಡುವೆ ಕೇಳಿ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ. ಆದ್ದರಿಂದ ನಿಮ್ಮ ನಿರ್ಧಾರವನ್ನು ಈಗಲೇ ತಾಯಿ ಕಾರ್ಡಿನಲ್ಲಿ ಬರೆಸಿ, ಮನಸ್ಸು ಬದಲಾದರೆ ಬೇಡವೆನ್ನುವ ಹಕ್ಕು ಕೊನೆಯ ಗಳಿಗೆಯವರೆಗೂ ನಿಮ್ಮದೇ. ಹೆರಿಗೆಗೆ ತವರಿಗೆ ಹೋಗುವಿರಾದರೆ ಆ ಕಾರ್ಡು ಜೊತೆಗಿರಲಿ. ವಂಕಿ ಹಾಕಿಸಿಕೊಂಡರೆ, ಆರನೇ ವಾರ ಮಗುವಿಗೆ ಲಸಿಕೆ ಹಾಕಿಸಲು ಹೋದ ದಿನವೇ ಅದು ಸರಿಯಾಗಿದೆಯೇ ಎಂದು ಪರೀಕ್ಷೆ ಮಾಡಿಸಿಕೊಳ್ಳಿ.