ಎಂಸಿಎಫ್-7 ಕೋಶಗಳಲ್ಲಿ ಕ್ಯಾಸ್ಪೇಸ್-3 ಬ್ಯಾಂಡ್ ಯಾಕೆ ಬರುತ್ತಿಲ್ಲ?

ತೊಂದರೆ ಆಂಟಿಬಾಡಿಯದ್ದಲ್ಲ, ಕೋಶಗಳದ್ದೇ ಇರಬೇಕು. ಕೋಶಗಳನ್ನು ಸಾಯಿಸುವ ಸ್ಟಾರೋಸ್ಪೊರಿನ್ ಔಷಧಿ ಹಾಕಿದ ಮೇಲೆ ಎಂಸಿಎಫ್-7 (ಸ್ತನ ಕ್ಯಾನ್ಸರ್ ಕೋಶಗಳು) ಸಾಯುತ್ತಿವೆ, ಆದರೂ ವೆಸ್ಟರ್ನ್ ಬ್ಲಾಟ್‌ನಲ್ಲಿ, ಅಂದರೆ ಆಂಟಿಬಾಡಿಯಿಂದ ಪ್ರೋಟೀನ್ ಗುರುತಿಸುವ ಪರೀಕ್ಷೆಯಲ್ಲಿ, ತುಂಡಾದ ಕ್ಯಾಸ್ಪೇಸ್-3ರ 17 ಕಿಲೋಡಾಲ್ಟನ್ ಬ್ಯಾಂಡ್ ಇಲ್ಲ ಅಂದಿದ್ದೀರಿ. ಕ್ಯಾಸ್ಪೇಸ್-3 ಅಂದರೆ ಕೋಶ ಸಾಯುವಾಗ ಬೇರೆ ಪ್ರೋಟೀನ್‌ಗಳನ್ನು ಕತ್ತರಿಸುವ ಕಿಣ್ವ. ಈ ಕೋಶಗಳ ಕ್ಯಾಸ್ಪೇಸ್-3 ಜೀನ್‌ನಲ್ಲಿ, 3ನೇ ಎಕ್ಸಾನ್ ಒಳಗೆ, 47 ಬೇಸ್ ಜೋಡಿಗಳೇ ಇಲ್ಲ. ಹಾಗಾಗಿ ಆ ಪ್ರೋಟೀನ್ ತಯಾರಾಗುವುದಿಲ್ಲ. ಸುಮ್ನೆ ಹೊಸ ಆಂಟಿಬಾಡಿ ಕೊಳ್ಳಬೇಡಿ.

ಮೊದಲು ಕ್ಯಾಸ್ಪೇಸ್-3 ಇರುವ ಜರ್ಕಾಟ್ ಅಥವಾ ಹೀಲಾ ಕೋಶಗಳಿಗೆ ಅದೇ ಔಷಧಿಯನ್ನು 1 ಮೈಕ್ರೋಮೋಲಾರ್ ಹಾಕಿ, 4 ಗಂಟೆ ಬಿಟ್ಟು, ಪಕ್ಕದ ಲೇನಿನಲ್ಲಿ ಓಡಿಸಿ. ಅಲ್ಲಿ 17-19 ಕಿಲೋಡಾಲ್ಟನ್ ಬ್ಯಾಂಡ್‌ಗಳ ಜೋಡಿ ಕಂಡರೆ ಆಂಟಿಬಾಡಿ ಸರಿಯಾಗಿದೆ. ಅಲ್ಲೂ ಬರದಿದ್ದರೆ ಟ್ರಾನ್ಸ್‌ಫರ್ (ಪ್ರೋಟೀನನ್ನು ಜೆಲ್‌ನಿಂದ ಮೆಂಬ್ರೇನ್‌ಗೆ ಸಾಗಿಸುವ ಹಂತ) ನೋಡಿ. ಇಷ್ಟು ಸಣ್ಣ ತುಣುಕು 0.45 ಮೈಕ್ರಾನ್ ರಂಧ್ರದ ಮೆಂಬ್ರೇನ್ ದಾಟಿ ಹೋಗಿಬಿಡಬಹುದು, 0.2ರದ್ದು ಬಳಸಿ.

ಆಮೇಲೆ ನಿಮ್ಮ ಎಂಸಿಎಫ್-7 ಸ್ಯಾಂಪಲ್‌ನಲ್ಲೇ ಕ್ಯಾಸ್ಪೇಸ್-7 ತುಂಡಾಗಿದೆಯಾ, ಪಾರ್ಪ್ (ಡಿಎನ್‌ಎ ರಿಪೇರಿಗೆ ನೆರವಾಗುವ ಪ್ರೋಟೀನ್) 116ರಿಂದ 89 ಕಿಲೋಡಾಲ್ಟನ್‌ಗೆ ಇಳಿದಿದೆಯಾ ನೋಡಿ. ಇಲ್ಲಿ ಪಾರ್ಪ್ ಕತ್ತರಿಸುವ ಕೆಲಸ ಕ್ಯಾಸ್ಪೇಸ್-7ರದ್ದು. ತೇಲುವ ಕೋಶಗಳನ್ನು ಮೀಡಿಯಂ ಜೊತೆ ಚೆಲ್ಲಬೇಡಿ, ಸತ್ತವು ಜಾಸ್ತಿ ಅಲ್ಲೇ ಇರುತ್ತವೆ.

ಎಂಸಿಎಫ್-7 ಲೇನಿನಲ್ಲಿ 32-35 ಕಿಲೋಡಾಲ್ಟನ್ ಹತ್ತಿರ ಪೂರ್ತಿ ಕ್ಯಾಸ್ಪೇಸ್-3 ಕಂಡರೆ ಮಾತ್ರ ಅನುಮಾನಪಡಿ. ಆಂಟಿಬಾಡಿ ಬೇರೇನಕ್ಕೋ ಅಂಟಿದೆಯೋ, ಬೇರೆ ಕೋಶ ಬೆರೆತಿದೆಯೋ, ಬರೀ ಬ್ಲಾಟ್ ನೋಡಿ ಹೇಳಲು ಆಗುವುದಿಲ್ಲ. ಆಗ ಕೋಶಗಳಿಗೆ ಎಸ್‌ಟಿಆರ್ ಪರೀಕ್ಷೆ (ಡಿಎನ್‌ಎ ನೋಡಿ ಕೋಶ ಯಾವುದೆಂದು ಗುರುತಿಸುವುದು) ಮಾಡಿಸಿ.