ಕಾಡಿಗೆ ಬೆಂಕಿ ಇಟ್ಟವರಿಗೆ ಯಾವ ಶಿಕ್ಷೆ ಆಗಬೇಕು? ತಾಳವಾಡಿಯಿಂದ ನನ್ನ ಉತ್ತರ

ನೀವು ಕೇಳಿರುವುದು ಇದು: ಕಾಡಿಗೆ ಬೆಂಕಿ ಹಚ್ಚಿ ಸಾವಿರಾರು ಎಕರೆ ಬೂದಿ ಮಾಡಿದವರಿಗೆ ಕೊಲೆಗಾರರಿಗೆ ಕೊಡುವ ಶಿಕ್ಷೆಯನ್ನೇ ಯಾಕೆ ಕೊಡಬಾರದು? ಆರು ತಿಂಗಳ ಜೈಲು, ಐನೂರು ರೂಪಾಯಿ ದಂಡ ಯಾವ ಲೆಕ್ಕಕ್ಕೆ?

ನಾನು ತಾಳವಾಡಿ ಕಡೆಯವನು. ಜಿಲ್ಲೆ ಈರೋಡು, ಸರ್ಕಾರ ತಮಿಳುನಾಡಿನದು, ಮನೆಮಾತು ಕನ್ನಡ. ನಮ್ಮ ಹೊಲಗಳ ಬೇಲಿ ದಾಟಿದರೆ ಸತ್ಯಮಂಗಲದ ಹುಲಿ ಮೀಸಲು ಕಾಡು, ಗಡಿಯಾಚೆ ಬಿಳಿಗಿರಿರಂಗನ ಬೆಟ್ಟ. ಶಿವರಾತ್ರಿ ಹತ್ತಿರ ಬಂತೆಂದರೆ ಊರಿನವರೆಲ್ಲ ದಿನಕ್ಕೆ ನಾಲ್ಕು ಸಲ ಬೆಟ್ಟದ ಕಡೆ ನೋಡುತ್ತಾರೆ, ಎಲ್ಲಾದರೂ ಹೊಗೆ ಎದ್ದಿದೆಯಾ ಅಂತ. ಹಾಗಾಗಿ ನಿಮ್ಮ ಸಿಟ್ಟು ನನಗೂ ಇದೆ. ಬೇಕೆಂದೇ ಹಚ್ಚಿದವನಿಗೆ ಗಟ್ಟಿ ಜೈಲು ಆಗಲೇಬೇಕು. ಆದರೆ ಎಷ್ಟು ಎಕರೆ ಸುಟ್ಟಿತು ಅನ್ನುವುದನ್ನು ಮಾತ್ರ ನೋಡಿ ಶಿಕ್ಷೆ ಅಳೆಯಬಾರದು. ಹಚ್ಚುವಾಗ ಅವನ ಮನಸ್ಸಿನಲ್ಲಿ ಏನಿತ್ತು, ಬೆಂಕಿ ಕೈಮೀರಿದ ಮೇಲೆ ಅವನು ಏನು ಮಾಡಿದ, ಇವೆರಡನ್ನೂ ತೂಗಬೇಕು. ನಮ್ಮಲ್ಲಿ ಎರಡನೆಯದನ್ನು ಯಾರೂ ಕೇಳುವುದೇ ಇಲ್ಲ. ಕಾಡು ಉಳಿಸುವ ದಾರಿ ಅಲ್ಲೇ ಇದೆ ಅಂತ ನನ್ನ ನಂಬಿಕೆ.

ಮೊದಲು ಆ ಐನೂರು ರೂಪಾಯಿಯ ವಿಷಯ. ಅದು 1927ರ ಭಾರತೀಯ ಅರಣ್ಯ ಕಾಯ್ದೆಯ 26ನೇ ಸೆಕ್ಷನ್‌ನಲ್ಲಿದೆ. ಬ್ರಿಟಿಷರ ಕಾಲದ ದಂಡ. ಆ ಕಾಯ್ದೆ ಎಲ್ಲ ರಾಜ್ಯಗಳಿಗೂ ಅನ್ವಯಿಸುವುದಿಲ್ಲ. ತಮಿಳುನಾಡಿಗೆ 1882ರಿಂದಲೇ ತನ್ನದೇ ಅರಣ್ಯ ಕಾಯ್ದೆ ಇದೆ, ಕೇರಳಕ್ಕೆ 1961ರದ್ದು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗೆ ಎಲ್ಲ ಕಡೆಯೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಡೆಯುತ್ತದೆ. ಅದರ 30ನೇ ಸೆಕ್ಷನ್ ಪ್ರಕಾರ ಬೆಂಕಿ ಹಚ್ಚುವುದಷ್ಟೇ ಅಲ್ಲ, ಅಪಾಯ ಆಗುವ ಹಾಗೆ ಬೆಂಕಿಯನ್ನು ಆರಿಸದೆ ಬಿಟ್ಟುಹೋಗುವುದೂ ಅಪರಾಧ. ಮೂರು ವರ್ಷದ ತನಕ ಜೈಲು. ದಂಡವನ್ನು 2022ರ ತಿದ್ದುಪಡಿಯಲ್ಲಿ ಒಂದು ಲಕ್ಷದವರೆಗೆ ಏರಿಸಿದ್ದಾರೆ. ಇನ್ನು ಬೇಕೆಂದೇ ಬೆಂಕಿಯಿಟ್ಟು ಆಸ್ತಿ ನಾಶ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 326ನೇ ಸೆಕ್ಷನ್‌ನಲ್ಲಿ ಏಳು ವರ್ಷದವರೆಗೆ ಜೈಲಿಗೆ ಹಾಕಬಹುದು, ವಾಸದ ಮನೆ ಸುಡಲು ಹಚ್ಚಿದ್ದರೆ ಜೀವಾವಧಿಯವರೆಗೂ ಹೋಗುತ್ತದೆ. ಅಂದರೆ ಪುಸ್ತಕದಲ್ಲಿ ಶಿಕ್ಷೆಗೆ ಬರವಿಲ್ಲ. ಬರ ಇರುವುದು ಆರೋಪಿಗಳಿಗೆ.

ಯಾಕೆ ಸಿಗುವುದಿಲ್ಲ ಎಂದರೆ, ಈ ಅಪರಾಧದಲ್ಲಿ ಸಾಕ್ಷ್ಯವೇ ಮೊದಲು ಸುಟ್ಟುಹೋಗುತ್ತದೆ. ಉಪಗ್ರಹ ನೋಡಿ ಹೇಳುತ್ತದೆ, ನಿಜ. ಭಾರತೀಯ ಅರಣ್ಯ ಸಮೀಕ್ಷೆ ಸಂಸ್ಥೆಯಿಂದ ಅರಣ್ಯ ಸಿಬ್ಬಂದಿಯ ಮೊಬೈಲಿಗೆ ಬೆಂಕಿಯ ಸಂದೇಶ ಬರುತ್ತದೆ. ಆದರೆ ಉಪಗ್ರಹಕ್ಕೆ ಕಾಣುವುದು ಎಲ್ಲಿ ಉರಿಯುತ್ತಿದೆ ಎಂಬುದು, ಯಾರು ಹಚ್ಚಿದರು ಎಂಬುದಲ್ಲ. ಕಡ್ಡಿ ಗೀರಿದವನು ಅಷ್ಟು ಹೊತ್ತಿಗೆ ಊರು ಸೇರಿ ಟೀ ಕುಡಿಯುತ್ತಿರುತ್ತಾನೆ. ಬೆಂಕಿ ಶುರುವಾದ ಜಾಗವನ್ನು ಹುಡುಕುವುದು ಒಂದು ವಿದ್ಯೆ: ಹುಲ್ಲು ಯಾವ ಕಡೆಗೆ ಬಾಗಿ ಸುಟ್ಟಿದೆ, ಬಂಡೆಯ ಯಾವ ಮೈ ಕರಿ ಹಿಡಿದಿದೆ, ಮರದ ಬುಡದಲ್ಲಿ ಮಸಿ ಯಾವ ಬದಿಗೆ ಎತ್ತರಕ್ಕೆ ಏರಿದೆ, ಇವನ್ನೆಲ್ಲ ನೋಡುತ್ತ ಹಿಂದೆ ಹಿಂದೆ ನಡೆದುಬಂದರೆ ಮೂಲ ಸಿಗುತ್ತದೆ. ಅದನ್ನು ಬೆಂಕಿ ಆರಿದ ಒಂದೆರಡು ದಿನದಲ್ಲೇ, ಜನ ತುಳಿದಾಡುವ ಮೊದಲೇ ಮಾಡಬೇಕು. ನಮ್ಮ ಗಾರ್ಡ್‌ಗಳು ಆಗ ಇನ್ನೊಂದು ಬೆಟ್ಟದಲ್ಲಿ ಬೆಂಕಿ ಬಡಿಯುತ್ತಿರುತ್ತಾರೆ. ಪ್ರತಿ ರೇಂಜಿಗೂ ಬೇಡ, ಜಿಲ್ಲೆಗೊಂದು ತರಬೇತಾದ ತನಿಖಾ ತಂಡವಾದರೂ ಇರಲಿ. ಇಪ್ಪತ್ತು ವರ್ಷದ ಶಿಕ್ಷೆ ಬರೆದು ಒಬ್ಬನನ್ನೂ ಹಿಡಿಯದೆ ಇರುವುದಕ್ಕಿಂತ ಮೂರು ವರ್ಷದ ಶಿಕ್ಷೆಯನ್ನೇ ನಿಜವಾಗಿ ಹತ್ತು ಜನರಿಗೆ ಕೊಟ್ಟರೆ ಊರೂರಲ್ಲಿ ಸುದ್ದಿಯಾಗುತ್ತದೆ.

ಈಗ ಆ ಎರಡನೆಯ ಮಾತಿಗೆ ಬರುತ್ತೇನೆ, ಬೆಂಕಿ ಕೈಮೀರಿದ ಮೇಲೆ ಹಚ್ಚಿದವನು ಏನು ಮಾಡಿದ ಎಂಬುದಕ್ಕೆ.

ನಮ್ಮ ಕಡೆ ಮುಸುಕಿನ ಜೋಳ ಮುರಿದ ಮೇಲೆ ಕಡ್ಡಿಯನ್ನು ಹೊಲದಲ್ಲೇ ಸುಡುವುದು ರೂಢಿ. ಕಾಡಂಚಿನ ಹೊಲದ ರೈತನೊಬ್ಬ ಹಾಗೆ ಸುಡುವಾಗ ಗಾಳಿ ತಿರುಗಿ ಕಿಡಿ ಬೇಲಿ ದಾಟಿತು. ಬೇಲಿಯಾಚೆ ಲಂಟಾನ ಎಂಬ ಕಳೆಪೊದೆ. ಹಸಿಯಾಗಿ ಕಂಡರೂ ಲಂಟಾನದ ಒಳಗೆಲ್ಲ ಒಣ ಕಡ್ಡಿಯೇ. ಹಿಡಿಯಿತೆಂದರೆ ಎಣ್ಣೆ ಹೊಯ್ದ ಹಾಗೆ ಏಳುತ್ತದೆ. ಅವನು ಒಂದು ಸಲ ಕೂಗಿದ್ದರೆ ಸಾಕಿತ್ತು, ಪಕ್ಕದ ಹೊಲಗಳಲ್ಲಿ ಅರಿಸಿನ ಕೀಳುತ್ತಿದ್ದವರೆಲ್ಲ ಓಡಿ ಬರುತ್ತಿದ್ದರು. ಕೂಗಲಿಲ್ಲ. ಮೊಬೈಲ್ ಆಫ್ ಮಾಡಿ ನೆಂಟರ ಊರಿಗೆ ಹೊರಟುಹೋದ. ನಮಗೆ ಗೊತ್ತಾದದ್ದು ಹೊಗೆ ಗುಡ್ಡದ ಅರ್ಧ ಏರಿದ ಮೇಲೆ.

ಬೆಂಕಿ ಬಡಿಯುವುದನ್ನು ನೋಡದವರಿಗೆ ಅದು ಹೇಗೆಂದು ಹೇಳುತ್ತೇನೆ. ನೀರು ಅಲ್ಲಿಗೆ ಹೋಗುವುದಿಲ್ಲ. ಈಗ ಇಲಾಖೆಯವರ ಹತ್ತಿರ ಎಲೆ ಊದುವ ಬ್ಲೋವರ್ ಇರುತ್ತದೆ, ಉಳಿದವರ ಕೈಯಲ್ಲಿ ಹಸಿ ಸೊಪ್ಪಿನ ಕೊಂಬೆ. ಕೊಂಬೆಯನ್ನು ಮೇಲೆತ್ತಿ ಬಡಿಯಬಾರದು, ಕಿಡಿ ಹಿಂದಕ್ಕೆ ಹಾರಿ ನಮ್ಮ ಬೆನ್ನ ಹಿಂದೆಯೇ ಹೊತ್ತಿಕೊಳ್ಳುತ್ತದೆ. ಉರಿಯ ಮೇಲೆ ಒತ್ತಿ, ಸುಟ್ಟ ಕಡೆಗೇ ಎಳೆಯಬೇಕು. ಒಣ ಬಿದಿರಿನ ಮೆಳೆಗೆ ಬೆಂಕಿ ಬಿದ್ದರೆ ಗಿಣ್ಣು ಗಿಣ್ಣೂ ತುಪಾಕಿ ಹೊಡೆದಂತೆ ಸಿಡಿಯುತ್ತದೆ, ಪಕ್ಕದವನು ಕೂಗಿದ್ದು ಕೇಳುವುದಿಲ್ಲ. ಆರಿತು ಅಂದುಕೊಂಡ ಮೇಲೂ ಇಳಿಜಾರಿನಲ್ಲಿ ಕೆಂಡವಾಗಿದ್ದ ದಿಮ್ಮಿ ಉರುಳಿ ಕೆಳಗಿನ ಹುಲ್ಲಿಗೆ ತಾಗಿ ಮತ್ತೆ ಶುರು. ಹಾಗಾಗಿ ರಾತ್ರಿಯೆಲ್ಲ ಕಾಯಬೇಕು, ಅದೂ ಆನೆ ಓಡಾಡುವ ಜಾಗದಲ್ಲಿ.

ಆಮೇಲೆ ಸಿಕ್ಕಾಗ ಆ ರೈತ ಹೇಳಿದ್ದು ಒಂದೇ ಮಾತು: "ಏಳುದ್ರ ಒಳಕ್ಕಾಕ್ಬುಡ್ತರ ಅಂತ ಓಡ್ಬುಟ್ಟಿ ಕನಣ್ಣ."

ಶಿಕ್ಷೆಯ ಭಯ ಅವನನ್ನು ಕಡ್ಡಿ ಸುಡುವುದರಿಂದ ತಡೆಯಲಿಲ್ಲ, ಕೂಗುವುದರಿಂದ ತಡೆಯಿತು. ಮೊದಲ ಹತ್ತು ನಿಮಿಷದಲ್ಲಿ ನಾಲ್ಕು ಜನ ಆರಿಸಬಹುದಾಗಿದ್ದ ಬೆಂಕಿ ಬೆಟ್ಟ ತಿಂದಿತು. ಅದಕ್ಕೇ ನಾನು ಹೇಳುವುದು: ಕೈತಪ್ಪಿ ಹತ್ತಿಕೊಂಡ ಬೆಂಕಿಯ ಬಗ್ಗೆ ತಾನೇ ಫೋನ್ ಮಾಡಿ ತಿಳಿಸಿದವನಿಗೆ, ನಿಂತು ಆರಿಸಿದವನಿಗೆ ಜೈಲು ಇಲ್ಲ ಎಂದು ಕಾನೂನಿನಲ್ಲೇ ಬರೆಯಬೇಕು. ಅವನಿಗೆ ದಂಡ, ನಷ್ಟದ ಒಂದು ಪಾಲು, ಮುಂದಿನ ಬೇಸಿಗೆಯಲ್ಲಿ ಬೆಂಕಿರೇಖೆ (ಬೆಂಕಿ ದಾಟದ ಹಾಗೆ ಗಿಡ, ಹುಲ್ಲು ತೆಗೆದ ಪಟ್ಟಿ) ಸವರುವ ಕೆಲಸ, ಅಷ್ಟು ಸಾಕು. ಅದೇ ತಪ್ಪು ಮಾಡಿ ಮುಚ್ಚಿಟ್ಟು ಓಡಿದವನಿಗೆ ಜೈಲು. ರಸ್ತೆಯಲ್ಲಿ ಗುದ್ದಿ ನಿಲ್ಲಿಸದೆ ಹೋದ ಡ್ರೈವರನ್ನು ನಾವು ಬೇರೆಯಾಗಿಯೇ ನೋಡುತ್ತೇವಲ್ಲ. ಇದಕ್ಕೆ ಆಧಾರವೂ ಕಾನೂನಿನಲ್ಲಿದೆ. ವನ್ಯಜೀವಿ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಅಭಯಾರಣ್ಯದಲ್ಲಿ ವಾಸಿಸುವವರು ತಮಗೆ ತಿಳಿದ ಬೆಂಕಿಯನ್ನು ಆರಿಸಲೇಬೇಕು, ಅರಣ್ಯ ಅಧಿಕಾರಿಗೆ ನೆರವಾಗಲೇಬೇಕು. ಕರ್ತವ್ಯ ಬರೆದಿದ್ದಾರೆ, ಆ ಕರ್ತವ್ಯ ಮಾಡಿದವನಿಗೆ ರಕ್ಷಣೆ ಬರೆದಿಲ್ಲ.

ಶಿಕ್ಷೆಯ ಮಾತು ಬಂದಾಗ ಮೊದಲು ಅನುಮಾನ ಬೀಳುವುದು ಇಲ್ಲಿನ ಆದಿವಾಸಿಗಳಾದ ಸೋಲಿಗರ ಮೇಲೆ. ಈ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಬಿಳಿಗಿರಿರಂಗನ ಬೆಟ್ಟದಲ್ಲೂ ನಮ್ಮ ಕಡೆಯ ಕಾಡಲ್ಲೂ ಇರುವ ಸೋಲಿಗರು ಹಿಂದೆ ಬೇಸಿಗೆ ಏರುವ ಮುಂಚೆಯೇ ನೆಲದ ಎಲೆಗೆ ಬೆಂಕಿ ಕೊಡುತ್ತಿದ್ದರು. ತರಗು ಬೆಂಕಿ ಅನ್ನುತ್ತಾರೆ. ಪೋಡಿನ (ಸೋಲಿಗರ ಹಾಡಿಯ) ತಾತ ಒಬ್ಬರು ನನಗೆ ಹೇಳಿದ್ದು: "ತರಗು ಪೂರ್ತಿ ಒಣಗಕ್ಕೂ ಮುಂಚ್ಲೇ ಹಚ್ತಿದ್ದೊ ಸಾಮಿ, ಉರಿ ಮಣಕಾಲ್ ಮ್ಯಾಕ ಬತ್ತಿರ್ನಿಲ್ಲ." ಆ ಸಣ್ಣ ಉರಿ ನೆಲ ಗುಡಿಸಿ ಹೋಗುತ್ತಿತ್ತು, ದೊಡ್ಡ ಮರಕ್ಕೆ ಏನೂ ಆಗುತ್ತಿರಲಿಲ್ಲ, ಲಂಟಾನ ತಲೆ ಎತ್ತುತ್ತಿರಲಿಲ್ಲ. ನೆಲ್ಲಿ ಮರಕ್ಕೆ ಅಂಟುವ ಉಪ್ಪಿಲು ಎಂಬ ಬಂದಳಿಕೆಯೂ ಹತೋಟಿಯಲ್ಲಿತ್ತು ಎಂದು ಅವರು ಹೇಳುತ್ತಾರೆ. 1972ರ ಕಾಯ್ದೆ ಬಂತು, 1974ರಲ್ಲಿ ಬಿಳಿಗಿರಿ ಅಭಯಾರಣ್ಯವಾಯಿತು, ತರಗು ಬೆಂಕಿ ಅಪರಾಧವಾಯಿತು. ವರ್ಷ ವರ್ಷ ಸುಡಬೇಕಾದದ್ದು ಕೂಡಿಟ್ಟುಕೊಂಡು ಕಾಡು ಕಾಯುತ್ತಿದೆ. ಈಗ ಬೆಂಕಿ ಬಿದ್ದರೆ ಲಂಟಾನ ಹತ್ತಿ ಮರದ ತುದಿಗೇ ಹೋಗುತ್ತದೆ.

ಹಾಗಂತ ಇವತ್ತು ಯಾರು ಬೇಕಾದರೂ ಹಚ್ಚಲಿ ಅಂತಲ್ಲ. ಇಷ್ಟೊಂದು ಲಂಟಾನ ತುಂಬಿರುವಾಗ ಹಳೆಯ ರೀತಿ ಹಾಗೇ ನಡೆಯುವುದಿಲ್ಲ. ಮೊದಲು ಕಡಿದು ತೆಗೆಯಬೇಕು, ಗ್ರಾಮಸಭೆ ಮತ್ತು ಇಲಾಖೆ ಕೂತು ಜಾಗ, ದಿನ ಗೊತ್ತುಮಾಡಬೇಕು. ಅಂಥ ಒಪ್ಪಿಗೆಯಲ್ಲಿ ಹಚ್ಚಿದ ಬೆಂಕಿಗೂ ಏಪ್ರಿಲ್ ಮಧ್ಯಾಹ್ನ ಗಾಳಿ ನೋಡಿ ಹಚ್ಚಿದ ಬೆಂಕಿಗೂ ಒಂದೇ ಸೆಕ್ಷನ್ ಹಾಕಿದರೆ ಅದು ನ್ಯಾಯವಲ್ಲ.

ಬೇಕೆಂದೇ ಹಚ್ಚುವವರು ನಮ್ಮಲ್ಲೂ ಇದ್ದಾರೆ. ಮೇಯಲು ಬಿಡಲಿಲ್ಲ ಎಂದು, ಆನೆ ತುಳಿದ ಬಾಳೆತೋಟಕ್ಕೆ ಪರಿಹಾರ ಬರಲಿಲ್ಲ ಎಂದು ಇಲಾಖೆಯ ಮೇಲಿನ ಹಗೆಯನ್ನು ಕಾಡಿನ ಮೇಲೆ ತೀರಿಸುವವರು. ಆನೆಯ ಕಾಟ ನನಗೂ ಗೊತ್ತು. ಕರುಪ್ಪನ್ ಎಂಬ ಆನೆ ತಾಳವಾಡಿ ಭಾಗದ ರೈತರ ನಿದ್ದೆ ಕೆಡಿಸಿ, 2023ರಲ್ಲಿ ಅದನ್ನು ಹಿಡಿದು ಸಾಗಿಸುವ ತನಕ ನಾವೆಲ್ಲ ರಾತ್ರಿ ಕಾವಲಿದ್ದೆವು. ಆದರೂ ಆ ಸಿಟ್ಟಿಗೆ ಬೆಂಕಿ ಹಚ್ಚಿದವನನ್ನು ನಾನು ಕ್ಷಮಿಸಲಾರೆ. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕನೊಬ್ಬ ಸುಟ್ಟು ಸತ್ತ. ಎರಡು ವರ್ಷದ ಮೇಲೆ ಅದೇ ಬಂಡೀಪುರದಲ್ಲಿ ನಾಲ್ಕು ಸಾವಿರ ಹೆಕ್ಟೇರಿಗೂ ಹೆಚ್ಚು ಸುಟ್ಟು, ವಾಯುಸೇನೆಯ ಹೆಲಿಕಾಪ್ಟರ್ ತಂದು ನೀರು ಸುರಿಯಬೇಕಾಯಿತು. 2018ರ ಮಾರ್ಚ್‌ನಲ್ಲಿ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋದ 23 ಜನ ಕಾಳ್ಗಿಚ್ಚಿಗೆ ಸಿಕ್ಕು ಸತ್ತರು. ನಮ್ಮ ಈರೋಡು ಜಿಲ್ಲೆಯವರೂ ಅವರಲ್ಲಿದ್ದರು. ಬೆಟ್ಟದ ಮೇಲೆ ಯಾರಿದ್ದಾರೆ ಎಂದು ಬುಡದಲ್ಲಿ ಕಡ್ಡಿ ಗೀರುವವನಿಗೆ ಗೊತ್ತಿರುವುದಿಲ್ಲ, ಆ ಗೊತ್ತಿಲ್ಲದಿರುವುದು ಅವನಿಗೆ ನೆಪ ಆಗಬಾರದು. ಬೇಕೆಂದೇ ಹಚ್ಚಿದ್ದು ಸಾಬೀತಾಗಿ, ಅದರಲ್ಲಿ ಜೀವ ಹೋಗಿದ್ದರೆ ಜೀವಾವಧಿ ಕೊಡಲಿ.

ಗಲ್ಲು ಮಾತ್ರ ಬೇಡ. ಕ್ಯಾಲಿಫೋರ್ನಿಯಾದಲ್ಲಿ 2006ರ ಎಸ್ಪೆರಾಂಜಾ ಬೆಂಕಿಗೆ ಐದು ಅಗ್ನಿಶಾಮಕರು ಬಲಿಯಾದರು, ಹಚ್ಚಿದವನಿಗೆ 2009ರಲ್ಲಿ ಮರಣದಂಡನೆ ವಿಧಿಸಿದರು. ಅದರಾಚೆಗೂ ಅಲ್ಲಿ ಬೆಂಕಿ ಹಚ್ಚುವವರು ನಿಂತಿಲ್ಲ. ಬೆಂಕಿಯ ಕೇಸುಗಳಲ್ಲಿ ಕಣ್ಣಾರೆ ಕಂಡ ಸಾಕ್ಷಿ ಅಪರೂಪ. ಸಂದರ್ಭ ನೋಡಿ ಕೊಟ್ಟ ತೀರ್ಪು ತಪ್ಪಾದರೆ ಹೋದ ಜೀವ ವಾಪಸ್ ಬರುವುದಿಲ್ಲ. ಆಸ್ಟ್ರೇಲಿಯಾದವರು ಮಾಡಿದ್ದು ನನಗೆ ಹೆಚ್ಚು ಸರಿ ಅನಿಸುತ್ತದೆ. 2009ರ ಫೆಬ್ರವರಿ 7ರಂದು ವಿಕ್ಟೋರಿಯಾ ರಾಜ್ಯದಲ್ಲಿ ಎದ್ದ ಬೆಂಕಿಗಳಲ್ಲಿ 173 ಜನ ಸತ್ತರು. ಅದರಲ್ಲಿ ಚರ್ಚಿಲ್ ಎಂಬ ಊರಿನ ಬಳಿ ಬೆಂಕಿ ಹಚ್ಚಿ 10 ಜನರ ಸಾವಿಗೆ ಕಾರಣನಾದನೆಂದು ಸಾಬೀತಾದವನಿಗೆ ಆದದ್ದು 17 ವರ್ಷ 9 ತಿಂಗಳ ಜೈಲು.

ಹುಡುಗರ ವಿಷಯಕ್ಕೆ ಅಮೆರಿಕದ ಆರೆಗಾನ್ ರಾಜ್ಯದ ತೀರ್ಪೊಂದನ್ನು ನಮ್ಮ ನ್ಯಾಯಾಧೀಶರೂ ಓದಬೇಕು. 2017ರಲ್ಲಿ 15 ವರ್ಷದ ಹುಡುಗನೊಬ್ಬ ಕಣಿವೆಗೆ ಪಟಾಕಿ ಎಸೆದು ಹತ್ತಿದ ಈಗಲ್ ಕ್ರೀಕ್ ಬೆಂಕಿ ನಲವತ್ತು ಸಾವಿರ ಎಕರೆಗೂ ಹೆಚ್ಚು ಸುಟ್ಟಿತು. ಅವನನ್ನು ಒಳಗೆ ಹಾಕಲಿಲ್ಲ. ಐದು ವರ್ಷ ನಿಗಾದಲ್ಲಿಟ್ಟು, ಅರಣ್ಯ ಇಲಾಖೆಯ ಜೊತೆ 1,920 ಗಂಟೆ ಕೆಲಸ ಮಾಡಬೇಕೆಂದರು, ನಷ್ಟ ಅನುಭವಿಸಿದವರಿಗೆ ಕ್ಷಮಾಪಣೆ ಪತ್ರ ಬರೆಸಿದರು, 3 ಕೋಟಿ 66 ಲಕ್ಷ ಡಾಲರ್ ಪರಿಹಾರವನ್ನೂ ಹೊರಿಸಿದರು. ಅಷ್ಟು ಹಣ ಅವನು ಜನ್ಮದಲ್ಲಿ ಕಟ್ಟಲಾರ. ಅದಕ್ಕೇ ಹತ್ತು ವರ್ಷ ಕಂತು ತಪ್ಪಿಸದೆ, ಇನ್ನೊಂದು ಅಪರಾಧ ಮಾಡದೆ ಇದ್ದರೆ ಉಳಿದದ್ದನ್ನು ನಿಲ್ಲಿಸಬಹುದೆಂದು ದಾರಿಯನ್ನೂ ಬಿಟ್ಟರು. ನಮ್ಮ ಕಡೆ ಬೆಟ್ಟಕ್ಕೆ ಬೈಕಿನಲ್ಲಿ ಬಂದು ಸಿಗರೇಟು ಎಸೆದು ಹೋಗುವ ಹುಡುಗರಿಗೆ ಇಂಥದ್ದೇ ಆಗಬೇಕು. ಎರಡು ಬೇಸಿಗೆ, ಕಾಡಿನ ಬೆಂಕಿ ಕಾಯುವ ಫೈರ್ ವಾಚರ್‌ಗಳ ಜೊತೆ ನಡೆಸಿ.

ಕಂಪನಿಗಳನ್ನು ಮರೆಯಬೇಡಿ. 2018ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಊರನ್ನು ಸುಟ್ಟು 85 ಜನರನ್ನು ಕೊಂದ ಬೆಂಕಿ ಹತ್ತಿದ್ದು ಪಿಜಿ ಅಂಡ್ ಇ ಎಂಬ ವಿದ್ಯುತ್ ಕಂಪನಿಯ ಹಳೆಯ ತಂತಿಯಿಂದ. ಕಂಪನಿ 2020ರಲ್ಲಿ 84 ಜನರ ಸಾವಿಗೆ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು, ಜೈಲಿಗೆ ಹೋದವರು ಯಾರೂ ಇಲ್ಲ. ನಮ್ಮ ಕಾಡಂಚಲ್ಲೂ ಜೋತುಬಿದ್ದ ತಂತಿಗಳಿವೆ, ಕ್ಯಾಂಪ್‌ಫೈರ್ ಹಾಕಿಕೊಡುವ ರೆಸಾರ್ಟ್‌ಗಳಿವೆ. ಬಡ ದನಗಾಹಿಗೆ ಒಂದು ಲಕ್ಷ ಎಂದರೆ ಜೀವಮಾನದ ಸಾಲ, ರೆಸಾರ್ಟಿಗೆ ಒಂದು ವಾರಾಂತ್ಯದ ವ್ಯಾಪಾರ. ದಂಡ ವರಮಾನಕ್ಕೆ ತಕ್ಕಂತೆ ಇರಬೇಕು, ರೆಸಾರ್ಟಾದರೆ ಲೈಸೆನ್ಸೇ ಹೋಗಬೇಕು.

ಇನ್ನು ವಸೂಲಾದ ಹಣ. ಅದು ಖಜಾನೆಗೆ ಹೋಗಿ ಕರಗಬಾರದು, ಸುಟ್ಟ ಬೆಟ್ಟಕ್ಕೇ ವಾಪಸ್ ಬರಬೇಕು: ಲಂಟಾನ ತೆಗೆಯಲು, ಬೆಂಕಿರೇಖೆಗೆ, ನಾಲ್ಕು ತಿಂಗಳಿಗೆಂದು ಕರೆದು ಬೆಂಕಿಯ ಮುಂದೆ ನಿಲ್ಲಿಸುವ ವಾಚರ್‌ಗಳ ಕೂಲಿ, ಬೂಟು, ವಿಮೆಗೆ. ವಾಚರ್‌ಗಳಲ್ಲಿ ಹೆಚ್ಚಿನವರು ಹಾಡಿಯ ಹುಡುಗರು, ಚಪ್ಪಲಿ ಕಾಲಲ್ಲೇ ಕೆಂಡದ ಮೇಲೆ ಓಡುವವರು. ಅವರಲ್ಲೊಬ್ಬ ಸುಟ್ಟುಕೊಂಡರೆ ಅವನ ಮನೆಯವರು ಆರೋಪಿ ಸಿಕ್ಕಿ, ಕೇಸು ನಡೆದು, ತೀರ್ಪು ಬರುವ ತನಕ ಕಾಯುವ ಹಾಗಾಗಬಾರದು. ಸರ್ಕಾರ ಆ ತಿಂಗಳೇ ಪರಿಹಾರ ಕೊಟ್ಟು, ಆಮೇಲೆ ಅಪರಾಧಿಯಿಂದ ವಸೂಲಿ ಮಾಡಿಕೊಳ್ಳಲಿ.